ಕೌನ್ಸೆಲರ್ ಇರಬೇಕು, ಸರಿ. ಆ ಕೋಣೆಯೊಳಗೆ ಏನು ನಡೆಯಬೇಕು?

2025ರ ಜುಲೈ ಕೊನೆ ಮತ್ತು ಆಗಸ್ಟ್ ನಡುವೆ ಮೂರು ಸುದ್ದಿಗಳು ಒಂದರ ಹಿಂದೆ ಒಂದು ಬಂದವು.

ಮೊದಲನೆಯದು ಸುಪ್ರೀಂ ಕೋರ್ಟಿನದು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. ಮಾನಸಿಕ ಆರೋಗ್ಯವೂ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದಿತು ಕೋರ್ಟು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಎಂದು ಹೇಳಿತು. ಕೋಚಿಂಗ್ ಸೆಂಟರ್‌ಗಳನ್ನೂ ಬಿಡಲಿಲ್ಲ.

ಎರಡನೆಯದು ಯುಜಿಸಿಯದು. ಇನ್ನು ಮುಂದೆ ಸೈಕಾಲಜಿಯನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸುವಂತಿಲ್ಲ ಎಂಬ ಆದೇಶ. ಮೂರನೆಯದು ಅಮೆರಿಕದ ಇಲಿನಾಯ್ ರಾಜ್ಯದಿಂದ ಬಂತು. ಎಐ ಚಾಟ್‌ಬಾಟ್‌ಗಳು ಥೆರಪಿ ಕೊಡುವಂತಿಲ್ಲ, ಮೀರಿದರೆ 10,000 ಡಾಲರ್‌ವರೆಗೆ ದಂಡ ಎಂಬ ಕಾನೂನು.

ಒಬ್ಬರು ನೇಮಿಸಿ ಅಂತಾರೆ, ಇನ್ನೊಬ್ಬರು ಆ ಡಿಗ್ರಿ ನಡೆಯಲ್ಲ ಅಂತಾರೆ, ಮತ್ತೊಬ್ಬರು ಯಂತ್ರ ಬೇಡ ಅಂತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಓದುಗರು ಗೊಂದಲಕ್ಕೆ ಬೀಳದೆ ಇನ್ನೇನು? ಮೂರೂ ಸುದ್ದಿಯಲ್ಲಿ ಚರ್ಚೆಯಾದದ್ದು ಆ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದು. ಕೂತವರು ಏನು ಮಾಡಬೇಕು ಎನ್ನುವ ಪ್ರಶ್ನೆ ಹಿಂದೆ ಸರಿಯಿತು. ಆದರೆ ಸಂಶೋಧನೆ ಗಟ್ಟಿಯಾಗಿ ಉತ್ತರ ಕೊಟ್ಟಿರುವುದು ಈ ಎರಡನೇ ಪ್ರಶ್ನೆಗೇ.

ಬೋರ್ಡಿನ ಮೇಲಿನ ಹೆಸರುಗಳು

ಮೊದಲು ಹೆಸರುಗಳ ಗೋಜಲನ್ನು ಬಿಡಿಸೋಣ. ಮನೋವೈದ್ಯ ಅಂದರೆ ಎಂಬಿಬಿಎಸ್ ಓದಿ, ನಂತರ ಮನೋರೋಗಗಳಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿದ ಡಾಕ್ಟರು. ಮಾತ್ರೆ ಬರೆಯುವ ಅಧಿಕಾರ ಇವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಥೆರಪಿ ಕೊಡುತ್ತಾರೆ. ಆ ಹೆಸರು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ತರಬೇತಿ 1950ರ ದಶಕದಲ್ಲೇ ಶುರುವಾಗಿತ್ತು. ಆಗಿನ್ನೂ ಅದಕ್ಕೆ ನಿಮ್ಹಾನ್ಸ್ ಎಂಬ ಹೆಸರಿರಲಿಲ್ಲ.

ತೊಡಕು ಇರುವುದು "ಕೌನ್ಸೆಲರ್" ಅನ್ನುವ ಪದದಲ್ಲಿ. ಎರಡು ವರ್ಷ ಎಂಎಸ್ಸಿ ಓದಿ, ಆಸ್ಪತ್ರೆಯಲ್ಲಿ ಪಳಗಿದವರೂ ಕೌನ್ಸೆಲರೇ. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಮನೆ ಮುಂದೆ ಬೋರ್ಡ್ ಹಾಕಿಕೊಂಡವರೂ ಕೌನ್ಸೆಲರೇ. ಇದನ್ನು ಸರಿಪಡಿಸಲೆಂದೇ 2021ರಲ್ಲಿ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಸೈಕಾಲಜಿಸ್ಟ್‌ಗಳೂ ಕೌನ್ಸೆಲರ್‌ಗಳೂ ಅದರ ಪಟ್ಟಿಯಲ್ಲಿದ್ದಾರೆ. ಆದರೆ ಕಾಯ್ದೆ ಕಾಗದದಿಂದ ಇಳಿಯುವುದು ಎಷ್ಟು ತಡವಾಯಿತೆಂದರೆ, 2024ರಲ್ಲಿ ಸುಪ್ರೀಂ ಕೋರ್ಟೇ ಗಡುವು ಕೊಡಬೇಕಾಯಿತು. ಯುಜಿಸಿ ದೂರಶಿಕ್ಷಣ ನಿಲ್ಲಿಸಿದ್ದೂ ಇದೇ ಕಾಯ್ದೆಯ ಕಾರಣಕ್ಕೆ. ಆರೋಗ್ಯದ ವೃತ್ತಿ ಅಂದ ಮೇಲೆ ಅಂಚೆಯಲ್ಲಿ ಕಲಿಯೋದು ಹೇಗೆ ಎಂಬುದು ಅದರ ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ.

"ಪುರಾವೆ ಇದೆ" ಅಂದರೆ?

ಮಾತಾಡಿದರೆ ಮನಸ್ಸು ಹಗುರಾಗುತ್ತೆ, ಅದಕ್ಕೆ ಪುರಾವೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೇಕಾಗುವುದಕ್ಕೆ ಕಾರಣ ಇದೆ. ಖಿನ್ನತೆ ಬಂದವರಲ್ಲಿ ಕೆಲವರು ಏನೂ ಮಾಡದೆಯೂ ಕೆಲವು ತಿಂಗಳಲ್ಲಿ ಸುಧಾರಿಸುತ್ತಾರೆ. ಜನ ಸಹಾಯ ಕೇಳಿಕೊಂಡು ಬರುವುದೂ ಕಷ್ಟ ಮೇರೆ ಮೀರಿದಾಗಲೇ. ಅಲ್ಲಿಂದ ಮುಂದೆ ತುಸು ಇಳಿಯುವುದು ಸಹಜ. ಆ ಹೊತ್ತಲ್ಲಿ ಪಕ್ಕದಲ್ಲಿ ಯಾರಿದ್ದರೋ ಅವರಿಗೆ ಶ್ರೇಯ ಹೋಗುತ್ತೆ. ತಾಯತ ಕಟ್ಟಿದವರಿಗೂ, ಥೆರಪಿಸ್ಟ್‌ಗೂ.

ಅದಕ್ಕೇ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಥೆರಪಿ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ತಿಂಗಳುಗಳ ನಂತರ ಎರಡನ್ನೂ ಅಳೆಯುತ್ತಾರೆ. ಅಳೆಯುವವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಬಾರದು. ಇನ್ನೊಂದು ಮುಖ್ಯ ವಿಷಯ: ಥೆರಪಿಯನ್ನು ಕೈಪಿಡಿಯಾಗಿ ಬರೆದಿರಬೇಕು. ಎಷ್ಟು ಭೇಟಿ, ಪ್ರತಿ ಭೇಟಿಯಲ್ಲಿ ಏನು ಕೆಲಸ ಎಂಬುದು ಅದರಲ್ಲಿರಬೇಕು. ಇಲ್ಲದಿದ್ದರೆ ಪರೀಕ್ಷೆ ಮಾಡಿದ್ದು ಏನನ್ನು ಎಂದೇ ತಿಳಿಯುವುದಿಲ್ಲ.

ಪರೀಕ್ಷೆ ಬೇಕೇ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಅಪಘಾತ, ಬೆಂಕಿ ಅನಾಹುತ ಆದ ಕೂಡಲೇ ಬದುಕುಳಿದವರನ್ನು ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಲ ಹೇಳಿಸಿಬಿಡುವ ಪದ್ಧತಿಯೊಂದಿತ್ತು. ಡಿಬ್ರೀಫಿಂಗ್ ಎನ್ನುತ್ತಾರೆ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವಂಥದ್ದು. ಪರೀಕ್ಷಿಸಿದಾಗ ಅದು ಆಘಾತದ ಕಾಯಿಲೆಯನ್ನು, ಅಂದರೆ ನಡೆದ ಅನಾಹುತದ ನೆನಪು ಬಿಡದೆ ಕಾಡುವ ಪಿಟಿಎಸ್‌ಡಿಯನ್ನು, ತಡೆಯಲಿಲ್ಲ. ಸುಟ್ಟಗಾಯದವರ ಮೇಲೆ ನಡೆದ ಒಂದು ಅಧ್ಯಯನದಲ್ಲಂತೂ, ಹಾಗೆ ಮಾತಾಡಿಸಿದವರೇ ವರ್ಷದ ನಂತರ ಜಾಸ್ತಿ ನರಳುತ್ತಿದ್ದರು. ಹಾಗಾಗಿ ಒಳ್ಳೆಯ ಮನಸ್ಸಿದ್ದರೆ ಸಾಕು ಎನ್ನುವಂತಿಲ್ಲ.

ಬೆಕ್ ಗಮನಿಸಿದ್ದು

ಸಿಬಿಟಿ ಎಂಬ ಮೂರಕ್ಷರ ಈಗ ಎಲ್ಲ ಕ್ಲಿನಿಕ್ಕಿನ ಜಾಹೀರಾತಿನಲ್ಲೂ ಇದೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಿಡಿದು ಮಾಡುವ ಚಿಕಿತ್ಸೆ. ಫಿಲಡೆಲ್ಫಿಯಾದ ಆರನ್ ಬೆಕ್ ಫ್ರಾಯ್ಡ್ ಪದ್ಧತಿಯಲ್ಲಿ ತರಬೇತಿ ಪಡೆದಿದ್ದ ಮನೋವೈದ್ಯ. ಖಿನ್ನತೆ ಅಂದರೆ ಒಳಮುಖವಾದ ಕೋಪ ಎಂಬ ಆಗಿನ ಸಿದ್ಧಾಂತವನ್ನು ಸಾಬೀತು ಮಾಡಲು ಅವರು ರೋಗಿಗಳ ಕನಸುಗಳನ್ನು ಪರಿಶೀಲಿಸಿದರು. ಕೋಪ ಸಿಗಲಿಲ್ಲ. ಸಿಕ್ಕಿದ್ದು ಸೋಲು ಮತ್ತು ಕಳೆದುಕೊಂಡ ಭಾವ. ರೋಗಿಗಳ ತಲೆಯಲ್ಲಿ ಇಂಥವೇ ಚುಟುಕು ಯೋಚನೆಗಳು ಸದಾ ಓಡುತ್ತಿರುತ್ತವೆ, ಅವುಗಳನ್ನು ಅವರು ನಿಜವೆಂದೇ ನಂಬಿರುತ್ತಾರೆ ಎಂಬುದನ್ನು 1960ರ ದಶಕದಲ್ಲಿ ಬೆಕ್ ಗುರುತಿಸಿದರು. 1977ರಲ್ಲಿ ಈ ಥೆರಪಿಯನ್ನು ಆಗಿನ ಪ್ರಮುಖ ಖಿನ್ನತೆ ಮಾತ್ರೆ ಇಮಿಪ್ರಮಿನ್ ಜೊತೆ ಹೋಲಿಸಿದ ಅಧ್ಯಯನ ಬಂತು. ಮಾತಿನ ಚಿಕಿತ್ಸೆ ಮಾತ್ರೆಗೆ ಕಡಿಮೆಯಿಲ್ಲ ಎಂದು ಅಂಕಿಗಳಲ್ಲಿ ತೋರಿಸಿದ ಮೊದಲ ಅಧ್ಯಯನಗಳಲ್ಲಿ ಅದೊಂದು.

ಇದು ನಡೆಯುವುದು ಹೀಗೆ. ಮದುವೆ ಮನೆಯಲ್ಲಿ ಅತ್ತಿಗೆ ಮಾತಾಡಿಸದೆ ಮುಂದೆ ಹೋದರು. ಕ್ಷಣದಲ್ಲಿ ತಲೆಯೊಳಗೆ "ನನ್ನ ಮೇಲೆ ಸಿಟ್ಟಿದೆ, ನಾನೇ ಏನೋ ಎಡವಟ್ಟು ಮಾಡಿದ್ದೀನಿ" ಅಂತ ಬಂತು. ಎದೆ ಭಾರ. ಊಟ ಬಿಟ್ಟು ಮನೆಗೆ ವಾಪಸ್. ಇಲ್ಲಿ ಥೆರಪಿಸ್ಟ್ "ಪಾಸಿಟಿವ್ ಆಗಿರಿ" ಅನ್ನುವುದಿಲ್ಲ. ಕಾಗದದ ಮೇಲೆ ಬರೆಸುತ್ತಾರೆ: ಏನಾಯ್ತು, ಏನನ್ನಿಸಿತು, ಆ ಯೋಚನೆ ನಿಜ ಅನ್ನುವುದಕ್ಕೆ ಏನಿದೆ, ಅಲ್ಲ ಅನ್ನುವುದಕ್ಕೆ ಏನಿದೆ. ಆಮೇಲೆ ಪರೀಕ್ಷೆ. ಮುಂದಿನ ಭೇಟಿಯೊಳಗೆ ಅತ್ತಿಗೆಗೆ ಒಂದು ಫೋನ್ ಮಾಡಬೇಕು. ಸಿಟ್ಟಿದೆ ಅಂತಲೇ ಗೊತ್ತಾಗಬಹುದು, ಆಗ ಕೆಲಸ ಬೇರೆ. ಬಹಳ ಸಲ ಅವರು ಹೂವಿನವನು ಬರಲಿಲ್ಲ ಅಂತ ಪರದಾಡುತ್ತಿದ್ದರು ಅಂತ ತಿಳಿಯುತ್ತೆ. ಸಾಮಾನ್ಯವಾಗಿ 12ರಿಂದ 20 ಭೇಟಿ. ಪ್ರತಿ ಸಲವೂ ಹೋಂವರ್ಕ್. ಹೋಂವರ್ಕ್ ಇಲ್ಲದ ಸಿಬಿಟಿ ಸಿಬಿಟಿಯೇ ಅಲ್ಲ. ಕೋರ್ಸ್ ಮುಗಿದ ಮೇಲೂ ಈ ಕಲಿಕೆ ಕೈಯಲ್ಲಿ ಉಳಿಯುತ್ತೆ. ಹಾಗಾಗಿ ಮಾತ್ರೆ ನಿಲ್ಲಿಸಿದವರಿಗೆ ಹೋಲಿಸಿದರೆ, ಸಿಬಿಟಿ ಮಾಡಿದವರಲ್ಲಿ ಖಿನ್ನತೆ ಮರುಕಳಿಸುವುದು ಕಡಿಮೆ.

ಮಡಿಯೋ, ಗೀಳೋ

ನಿರ್ದಿಷ್ಟ ಕಾಯಿಲೆಗೆ ನಿರ್ದಿಷ್ಟ ಥೆರಪಿ ಬೇಕು ಎನ್ನುವುದು ಎದ್ದು ಕಾಣುವುದು ಗೀಳು ಕಾಯಿಲೆಯಲ್ಲಿ. ಇಂಗ್ಲಿಷಿನಲ್ಲಿ ಒಸಿಡಿ.

ನಮ್ಮ ಮನೆಗಳಲ್ಲಿ ಇದು ವರ್ಷಗಟ್ಟಲೆ ಮಡಿಯ ಹೆಸರಲ್ಲಿ ಅಡಗಿಕೊಂಡಿರಬಹುದು. ಸೊಸೆ ನಲ್ಲಿ ಮುಂದೆ ನಿಂತರೆ ಅರ್ಧ ಗಂಟೆ. ತಿಂಗಳಿಗೆ ಹತ್ತಾರು ಸೋಪು. ಕೈ ಬಿರುಕು ಬಿಟ್ಟಿದೆ. ಅತ್ತೆ ಮೊದಮೊದಲು "ಶುದ್ಧ ಜಾಸ್ತಿ ನಮ್ಮ ಹುಡುಗಿಗೆ" ಅಂತ ಹೆಮ್ಮೆ ಪಡುತ್ತಾರೆ, ಆಮೇಲೆ ಬೈಯುತ್ತಾರೆ. ಗಂಡ ಪ್ರೀತಿಯಿಂದ "ಕ್ಲೀನ್ ಆಗಿದೆ ಕಣೇ, ಸಾಕು" ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾನೆ. ಪ್ರತಿ ಸಲವೂ ಹತ್ತು ನಿಮಿಷ ನೆಮ್ಮದಿ, ಮತ್ತೆ ಅದೇ ಅನುಮಾನ. ಆ ಸಮಾಧಾನವೇ ಕಾಯಿಲೆಗೆ ಗೊಬ್ಬರ. ತೊಳೆದಾಗ ಭಯ ಇಳಿಯಿತು, ಆದ್ದರಿಂದ ತೊಳೆದದ್ದೇ ನನ್ನನ್ನು ಉಳಿಸಿತು ಎಂದು ಮೆದುಳು ಪಾಠ ಕಲಿಯುತ್ತೆ. ಗಂಡನ ಮಾತೂ ಒಂದು ಬಗೆಯ ತೊಳೆಯುವಿಕೆಯೇ.

ಇಲ್ಲಿ ಬರೀ ಕೂತು ಬಾಲ್ಯದ ಬಗ್ಗೆ ಮಾತಾಡಿದರೆ ಕಾಯಿಲೆ ಅಲ್ಲಾಡುವುದಿಲ್ಲ. ಕೆಲಸ ಮಾಡುವ ವಿಧಾನದ ಹೆಸರು ಇಆರ್‌ಪಿ. ಭಯದ ಎದುರು ನಿಲ್ಲುವುದು, ಆದರೆ ಗೀಳಿನ ಕ್ರಿಯೆ ಮಾಡದಿರುವುದು. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ಇದನ್ನು ವರದಿ ಮಾಡಿದರು. ಆಗ ರೋಗಿಯ ಕೋಣೆಯ ನಲ್ಲಿಯನ್ನೇ ಬಂದ್ ಮಾಡಿಸಿದ್ದರು. ಈಗ ಯಾರೂ ಹಾಗೆ ಬಲವಂತ ಮಾಡುವುದಿಲ್ಲ. ರೋಗಿ ಮತ್ತು ಥೆರಪಿಸ್ಟ್ ಸೇರಿ ಏಣಿಯೊಂದನ್ನು ಬರೆಯುತ್ತಾರೆ. ಚಪ್ಪಲಿ ಸ್ಟ್ಯಾಂಡ್ ಮುಟ್ಟಿದರೆ ಭಯ ನೂರಕ್ಕೆ 30. ಬಸ್ಸಿನ ಕಂಬಿ 50. ಬಚ್ಚಲಮನೆ ಬಾಗಿಲ ಚಿಲಕ 80. ಕೆಳಗಿನ ಮೆಟ್ಟಿಲಿಂದ ಶುರು. ಚಪ್ಪಲಿ ಸ್ಟ್ಯಾಂಡ್ ಮುಟ್ಟಿ, ಕೈ ತೊಳೆಯದೆ, ಅದೇ ಕೈಯನ್ನು ಸೀರೆಗೆ ಒರೆಸಿಕೊಂಡು ಕೂರಬೇಕು. ಭಯ 30ರಿಂದ 60ಕ್ಕೆ ಏರಬಹುದು. ಕೂತೇ ಇದ್ದರೆ ತಾನಾಗಿಯೇ ಇಳಿಯುತ್ತೆ. ಇಳಿಯದಿದ್ದರೂ ತಡೆದುಕೊಳ್ಳಬಹುದು ಎಂದು ಗೊತ್ತಾಗುತ್ತೆ. ಗಂಡನಿಗೂ ಪಾಠ ಇದೆ: ಇನ್ನು ಮೇಲೆ "ಕ್ಲೀನ್ ಇದೆ" ಅನ್ನಬಾರದು. ಅದು ಅವನಿಗೇ ಕಷ್ಟ.

ಕೌನ್ಸೆಲರ್ ಎಷ್ಟೇ ಕರುಣಾಮಯಿ ಆಗಿರಲಿ, ಇದು ಗೊತ್ತಿಲ್ಲದಿದ್ದರೆ ಅವರೂ ಗಂಡನ ಕೆಲಸವನ್ನೇ ಮಾಡುತ್ತಾರೆ. ಗಂಟೆಗಿಷ್ಟು ಫೀಸು ತಗೊಂಡು ಸಮಾಧಾನ ಹೇಳುತ್ತಾರೆ.

ಮನಸ್ಸು ಸರಿಹೋಗಲಿ ಅಂತ ಕಾಯಬೇಡಿ

ಖಿನ್ನತೆಯಲ್ಲಿ ಇನ್ನೊಂದು ಸರಳ ವಿಧಾನ ಇದೆ, ಬಿಹೇವಿಯರಲ್ ಆಕ್ಟಿವೇಶನ್. ಕನ್ನಡದಲ್ಲಿ ಹೇಳುವುದಾದರೆ ಮತ್ತೆ ಕೆಲಸಕ್ಕೆ ಕೈ ಹಚ್ಚಿಸುವುದು. ಮನಸ್ಸು ಸರಿ ಇಲ್ಲ, ಹಾಗಾಗಿ ಮಲಗಿದ್ದೀನಿ ಅನ್ನುತ್ತೇವೆ. ಮಲಗಿದಷ್ಟೂ ಮನಸ್ಸು ಕೆಡುತ್ತೆ. ಯಾರೂ ಸಿಗುವುದಿಲ್ಲ, ಏನೂ ಮುಗಿಯುವುದಿಲ್ಲ, ಖುಷಿಯ ದಾರಿಗಳೆಲ್ಲ ಮುಚ್ಚುತ್ತವೆ. ಈ ವೃತ್ತವನ್ನು ಕ್ರಿಯೆಯ ಕಡೆಯಿಂದ ಕತ್ತರಿಸುವುದು ಇದರ ಉಪಾಯ. ಬೆಳಗ್ಗೆ ಏಳಕ್ಕೆ ಹಾಲು ತರುವುದು, ಮನಸ್ಸಿದ್ದರೂ ಇಲ್ಲದಿದ್ದರೂ. ವಾರಕ್ಕೊಂದು ಹಾಳೆ, ಗಂಟೆ ಗಂಟೆಗೆ ಏನು ಮಾಡಿದೆ, ಮನಸ್ಸು ಹೇಗಿತ್ತು. ಇಂಗ್ಲೆಂಡಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿರಿಯ ಸಿಬ್ಬಂದಿ ಕೊಟ್ಟ ಈ ಸರಳ ಥೆರಪಿ, ನುರಿತ ಥೆರಪಿಸ್ಟ್‌ಗಳು ಕೊಟ್ಟ ಸಿಬಿಟಿಗಿಂತ ಕಡಿಮೆಯೇನೂ ಆಗಲಿಲ್ಲ. ಖರ್ಚು ಮಾತ್ರ ಕಡಿಮೆಯಾಯಿತು.

ನಮಗೆ ಇನ್ನೂ ಹತ್ತಿರದ್ದು ಪಕ್ಕದ ಗೋವಾದ ಕಥೆ. ಅಲ್ಲಿನ ಸಂಗಾತ್ ಸಂಸ್ಥೆ, ವಿಕ್ರಂ ಪಟೇಲ್ ಮತ್ತು ಸಂಗಡಿಗರು, ಇದೇ ವಿಧಾನವನ್ನು 6ರಿಂದ 8 ಭೇಟಿಗೆ ಇಳಿಸಿದರು. ಕೊಟ್ಟವರು ಡಾಕ್ಟರೂ ಅಲ್ಲ, ಸೈಕಾಲಜಿಸ್ಟೂ ಅಲ್ಲ. ಮಾನಸಿಕ ಆರೋಗ್ಯದಲ್ಲಿ ಯಾವ ಡಿಗ್ರಿಯೂ ಇಲ್ಲದೆ, ತರಬೇತಿ ಪಡೆದ ಸ್ಥಳೀಯರು. ಜಾಗ ಪ್ರಾಥಮಿಕ ಆರೋಗ್ಯ ಕೇಂದ್ರ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರು ಥೆರಪಿ ಗುಂಪಿನಲ್ಲಿ ಶೇ 64, ಇನ್ನೊಂದು ಗುಂಪಿನಲ್ಲಿ ಶೇ 39. ಇದಕ್ಕೂ ಮೊದಲು, 2008ರಲ್ಲಿ, ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರು ಬಸುರಿ ಬಾಣಂತಿಯರಿಗೆ ಸಿಬಿಟಿ ಮಾದರಿಯ ಭೇಟಿಗಳನ್ನು ಕೊಟ್ಟಿದ್ದರು. ಆರು ತಿಂಗಳ ನಂತರ ಖಿನ್ನತೆ ಉಳಿದದ್ದು ಶೇ 23 ತಾಯಂದಿರಲ್ಲಿ. ಇನ್ನೊಂದು ಗುಂಪಿನಲ್ಲಿ ಶೇ 53.

ಉಳಿದ ಅಕ್ಷರಮಾಲೆ

ಐಪಿಟಿ, ಅಂದರೆ ಇಂಟರ್‌ಪರ್ಸನಲ್ ಥೆರಪಿ, ಸಂಬಂಧಗಳ ಮೇಲೆ ಕೆಲಸ ಮಾಡುತ್ತೆ: ಸಾವಿನ ದುಃಖ, ಜಗಳ, ಮದುವೆ ಅಥವಾ ನಿವೃತ್ತಿಯಂಥ ಬದಲಾವಣೆ. ಖಿನ್ನತೆಗೆ ಒಳ್ಳೆಯ ಪುರಾವೆ ಇದೆ. ಮೈಂಡ್‌ಫುಲ್‌ನೆಸ್ ಸೇರಿಸಿದ ಎಂಬಿಸಿಟಿ ಮುಖ್ಯವಾಗಿ ಬಂದದ್ದು ಪದೇಪದೇ ಖಿನ್ನತೆ ಬರುವವರಿಗೆ, ಮರುಕಳಿಸುವಿಕೆ ತಡೆಯಲು. ಒತ್ತಡಕ್ಕೆಲ್ಲ ಅದೇ ಮದ್ದು ಅಂತ ಮಾರುವುದು ಆಮೇಲಿನ ವ್ಯಾಪಾರ. ನಿದ್ರೆ ಬಾರದವರಿಗೆ ಸಿಬಿಟಿಯ ಬೇರೆಯದೇ ರೂಪ ಇದೆ. ಮಾತ್ರೆಗಿಂತ ಮೊದಲು ಅದನ್ನೇ ಕೊಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ. ನಮ್ಮಲ್ಲಿ ಅದರ ಹೆಸರು ಕೇಳಿದವರೇ ಕಮ್ಮಿ.

ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಸಿಯಾಟಲ್‌ನ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ರೂಪಿಸಿದ್ದು. ಪದೇಪದೇ ತಮಗೆ ತಾವೇ ಗಾಯ ಮಾಡಿಕೊಳ್ಳುವವರಿಗಾಗಿ. ತಾವೂ ಹರೆಯದಲ್ಲಿ ಇದೇ ಕಷ್ಟದಿಂದ ಆಸ್ಪತ್ರೆ ಸೇರಿದ್ದೆ ಎಂದು 2011ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಪೂರ್ಣ ರೂಪದ ಡಿಬಿಟಿಯಲ್ಲಿ ವೈಯಕ್ತಿಕ ಭೇಟಿ, ಗುಂಪು ತರಗತಿ, ಫೋನ್ ನೆರವು, ಥೆರಪಿಸ್ಟ್‌ಗಳ ತಂಡಸಭೆ ಎಲ್ಲ ಇರುತ್ತೆ. ಒಬ್ಬರೇ ಕೂತು ಮಾಡುವಂಥದ್ದಲ್ಲ. ಆದರೂ ಜಾಹೀರಾತಿನಲ್ಲಿ ಸುಮ್ನೆ ಸೇರಿಸಿಬಿಡುತ್ತಾರೆ.

ಇಎಂಡಿಆರ್ ವಿಚಿತ್ರವಾದದ್ದು. ಕಹಿ ನೆನಪನ್ನು ಮನಸ್ಸಿಗೆ ತಂದುಕೊಂಡು, ಥೆರಪಿಸ್ಟ್‌ನ ಬೆರಳನ್ನು ಕಣ್ಣಿನಿಂದ ಅತ್ತಿತ್ತ ಹಿಂಬಾಲಿಸುವುದು. ಅಮೆರಿಕದ ಫ್ರಾನ್ಸೀನ್ ಶಪಿರೋಗೆ 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ ಹೊಳೆದದ್ದು ಎನ್ನುತ್ತಾರೆ. ಆಘಾತದ ಕಾಯಿಲೆಗೆ ಇದು ಕೆಲಸ ಮಾಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯೂ 2013ರಲ್ಲಿ ಶಿಫಾರಸು ಮಾಡಿದೆ. ಜಗಳ ಇರುವುದು ಯಾಕೆ ಕೆಲಸ ಮಾಡುತ್ತೆ ಎಂಬುದರಲ್ಲಿ. ಕಣ್ಣಾಡಿಸುವುದು ಬರೀ ಅಲಂಕಾರ, ಗುಣ ಮಾಡುವುದು ನೆನಪನ್ನು ಎದುರಿಸುವುದೇ ಎಂದು ಒಂದು ಪಂಗಡದ ವಾದ.

ಸ್ಕಿಜೋಫ್ರೇನಿಯಾ, ಉನ್ಮಾದ ಮತ್ತು ಖಿನ್ನತೆ ಬೇರೆ ಬೇರೆ ಹೊತ್ತಲ್ಲಿ ಬರುವ ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಔಷಧಿಯೇ ಬುನಾದಿ. ಥೆರಪಿ ಅದರ ಜೊತೆಗೆ ಬರುತ್ತೆ, ಬದಲಿಗೆ ಅಲ್ಲ.

ಎಲ್ಲವೂ ಒಂದೇ ಅನ್ನುವವರು

ಇಷ್ಟೆಲ್ಲ ಪಂಥ ಯಾಕೆ, ಎಲ್ಲ ಥೆರಪಿಯೂ ಹೆಚ್ಚುಕಮ್ಮಿ ಒಂದೇ ಫಲ ಕೊಡುತ್ತೆ ಎನ್ನುವ ಬಲವಾದ ವಾದ ಇದೆ. 1936ರಲ್ಲೇ ಸಾಲ್ ರೋಸೆನ್‌ಜ್ವೈಗ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೆತ್ತಿದ್ದರು. ಓಟ ಮುಗಿದ ಮೇಲೆ "ಎಲ್ಲರೂ ಗೆದ್ದರು, ಎಲ್ಲರಿಗೂ ಬಹುಮಾನ" ಎನ್ನುವ, "ಆಲಿಸ್ ಇನ್ ವಂಡರ್‌ಲ್ಯಾಂಡ್" ಕಥೆಯ ಡೋಡೋ ಹಕ್ಕಿಯ ಹೆಸರಲ್ಲಿ ಇದು "ಡೋಡೋ ತೀರ್ಪು" ಎಂದೇ ಪ್ರಸಿದ್ಧ. ನಂಬಿಕೆ, ಬಾಂಧವ್ಯ, ಭರವಸೆ ಇವೇ ಗುಣ ಮಾಡುವುದು ಎಂಬುದು ಇದರ ತಿರುಳು.

ಖಿನ್ನತೆಯ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಸಿಬಿಟಿ, ಐಪಿಟಿ, ಆಕ್ಟಿವೇಶನ್ ನಡುವೆ ಅಂತರ ಕಡಿಮೆ. ಗೀಳು, ಪ್ಯಾನಿಕ್, ಆಘಾತದ ಕಾಯಿಲೆಗೆ ಬಂದರೆ ವಾದ ಸಡಿಲಾಗುತ್ತೆ. ಅಲ್ಲಿ ಭಯವನ್ನು ಎದುರಿಸುವ ಭಾಗ ಇಲ್ಲದ ಥೆರಪಿ ಹಿಂದೆ ಬೀಳುತ್ತೆ. ಬಾಂಧವ್ಯ ಬೇಕು, ನಿಜ. ಚಪ್ಪಲಿ ಸ್ಟ್ಯಾಂಡ್ ಮುಟ್ಟುವ ಧೈರ್ಯ ಬರುವುದು ಆ ಬಾಂಧವ್ಯದಿಂದಲೇ. ಆದರೆ ಮುಟ್ಟಲೇಬೇಕು.

ಗುಣದ ಪ್ರಮಾಣದ ಬಗ್ಗೆಯೂ ನೇರವಾಗಿ ಹೇಳಬೇಕು. ಇಂಗ್ಲೆಂಡ್ 2008ರಲ್ಲಿ ಸರ್ಕಾರಿ ಖರ್ಚಿನಲ್ಲಿ ದೊಡ್ಡ ಥೆರಪಿ ಸೇವೆ ಶುರುಮಾಡಿತು. ಪ್ರತಿ ಭೇಟಿಯಲ್ಲೂ ರೋಗಿಯ ತೊಂದರೆ ಎಷ್ಟಿದೆ ಎಂಬುದನ್ನು ಅಂಕದಲ್ಲಿ ದಾಖಲಿಸುತ್ತಾರೆ. ಕೋರ್ಸ್ ಮುಗಿಸಿದವರಲ್ಲಿ ಅರ್ಧದಷ್ಟು ಜನ ಪೂರ್ಣ ಚೇತರಿಸಬೇಕು ಎಂಬುದು ಅದರ ಗುರಿ. ಅರ್ಧ. ನೂರಕ್ಕೆ ನೂರು ಗ್ಯಾರಂಟಿ ಅನ್ನುವವರನ್ನು ಕಂಡರೆ ದೂರ ಇರುವುದೇ ಮೇಲು.

ಮೂರು ನಿಲುವು

ಈಗ ಮೊದಲಿನ ಸುದ್ದಿಗಳಿಗೆ ಬರೋಣ. ಲೈಸೆನ್ಸ್ ಬಿಗಿ ಮಾಡಿ ಎನ್ನುವವರ ಆತಂಕ ಸುಳ್ಳಲ್ಲ. ಆತ್ಮಹತ್ಯೆಯ ಯೋಚನೆ ಇರುವವರನ್ನು ಗುರುತಿಸಲಾಗದ ಕೌನ್ಸೆಲರ್ ಅಪಾಯ. ಬೈಪೋಲಾರ್ ಉನ್ಮಾದವನ್ನು "ಉತ್ಸಾಹ" ಎಂದು ತಿಳಿದವರೂ ಅಪಾಯ.

ಆದರೆ ಸಂಖ್ಯೆಯ ಸಮಸ್ಯೆ ಇದೆ ಎನ್ನುತ್ತಾರೆ ಎರಡನೆಯವರು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆರ್‌ಸಿಐ ಪಟ್ಟಿಯವರೇ ಬೇಕು ಎಂದರೆ ಎಲ್ಲ ಪಿಯು ಕಾಲೇಜಿಗೂ ಎಲ್ಲಿಂದ ತರೋದು? ಕರ್ನಾಟಕಕ್ಕೆ ಇದು ಹೊಸ ಚರ್ಚೆಯಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪಿಎಚ್‌ಸಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಾತ್ರೆ ಹಳ್ಳಿ ಮುಟ್ಟಿತು. ಮಾತಿನ ಚಿಕಿತ್ಸೆ ಅಷ್ಟು ಮುಟ್ಟಲಿಲ್ಲ.

ಮೂರನೆಯವರು ಫೋನ್ ತೋರಿಸುತ್ತಾರೆ. ಕೈಪಿಡಿಯ ಪ್ರಕಾರ ನಡೆಯುವ ಸಿಬಿಟಿ ಆ್ಯಪ್‌ಗಳಿಗೂ, ಏನು ಹೇಳಿದರೂ ಹೌದೆನ್ನುವ ಸಾಮಾನ್ಯ ಚಾಟ್‌ಬಾಟ್‌ಗೂ ವ್ಯತ್ಯಾಸ ಇದೆ. ಎರಡನೆಯದರ ತೊಂದರೆ ಗೀಳಿನ ಉದಾಹರಣೆಯಲ್ಲೇ ಕಾಣುತ್ತೆ. ಗಂಡನಿಗೆ ಇಪ್ಪತ್ತನೇ ಸಲ ಸುಸ್ತಾಗುತ್ತೆ. ಚಾಟ್‌ಬಾಟ್‌ಗೆ ಸುಸ್ತೇ ಇಲ್ಲ. ರಾತ್ರಿ ಎರಡಕ್ಕೂ "ಕ್ಲೀನ್ ಇದೆ" ಅಂತ ಹೇಳುತ್ತಲೇ ಇರುತ್ತೆ.

ಮುಂದೆ ಆಗಬಹುದಾದದ್ದು

ಕೋರ್ಟಿನ ಮಾತು ಪಾಲಿಸಬೇಕು, ಅರ್ಹರು ಸಾಕಷ್ಟಿಲ್ಲ. ಆಗ ಸಂಸ್ಥೆಗಳು ಹಿಡಿಯುವ ಸುಲಭದ ದಾರಿ ಯಾವುದು ಅಂತ ಊಹಿಸುವುದು ಕಷ್ಟವಲ್ಲ. ಇರುವ ಉಪನ್ಯಾಸಕರೊಬ್ಬರಿಗೆ ಎರಡು ದಿನದ ಕಾರ್ಯಾಗಾರ, ಬಾಗಿಲಿಗೊಂದು ಬೋರ್ಡು, ಫೈಲಿಗೊಂದು ಫೋಟೋ. ಅರ್ಹರು ಇನ್ನೂ ಬೆಂಗಳೂರು, ಮೈಸೂರು, ಮಂಗಳೂರಿಗೇ ಸೇರುತ್ತಾರೆ, ಫೀಸು ಏರುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಮೆಯಲ್ಲಿ ಭೇದ ಮಾಡಬಾರದು ಎಂದಿದೆ ನಿಜ. ಆದರೆ ಪಾಲಿಸಿಗಳು ಹಣ ಕೊಡುವುದು ಬಹುಪಾಲು ಆಸ್ಪತ್ರೆಗೆ ಅಡ್ಮಿಟ್ ಆದರೆ. ವಾರಕ್ಕೊಂದು ಗಂಟೆಯ ಥೆರಪಿಗೆ ಯಾರೂ ಅಡ್ಮಿಟ್ ಆಗಲ್ಲ, ಅಲ್ವಾ? ಹಾಗಾಗಿ ಅದು ಜೇಬಿನಿಂದಲೇ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದಿನದ 24 ಗಂಟೆ, ಕನ್ನಡದಲ್ಲೂ, ಉಚಿತ. ತುರ್ತಿಗೆ, ದಾರಿ ಕೇಳುವುದಕ್ಕೆ ಅದು ದೊಡ್ಡ ಆಸರೆ. 16 ವಾರದ ಇಆರ್‌ಪಿಯನ್ನು ಅದರಿಂದ ನಿರೀಕ್ಷಿಸಲಾಗದು.

ಗೋವಾದ ಫಲಿತಾಂಶ ತೋರಿಸಿ, ನೋಡಿ ಡಿಗ್ರಿಯೇ ಬೇಡ ಎನ್ನುವವರು ಒಂದು ವಿವರ ಬಿಟ್ಟುಬಿಡುತ್ತಾರೆ. ಅಲ್ಲಿನ ಕೌನ್ಸೆಲರ್‌ಗಳು ತಮ್ಮ ಭೇಟಿಗಳನ್ನು ರೋಗಿಯ ಒಪ್ಪಿಗೆ ಪಡೆದು ರೆಕಾರ್ಡ್ ಮಾಡುತ್ತಿದ್ದರು. ಆಮೇಲೆ ಗುಂಪಾಗಿ ಕೂತು ಒಬ್ಬರ ಟೇಪನ್ನು ಇನ್ನೊಬ್ಬರು ಕೇಳಿ, ಕೈಪಿಡಿಯ ಪ್ರಕಾರ ನಡೆಯಿತೇ ಅಂತ ಅಂಕ ಹಾಕುತ್ತಿದ್ದರು. ಮೇಲೆ ತಜ್ಞರಿದ್ದರು. ಪರಿಣತಿ ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿರಲಿಲ್ಲ, ಈ ಸಭೆಯಲ್ಲಿತ್ತು. ಡಿಗ್ರಿ ಇರುವ ಎಷ್ಟೋ ಥೆರಪಿಸ್ಟ್‌ಗಳ ಕೋಣೆಗೆ ಕೋರ್ಸ್ ಮುಗಿದ ಮೇಲೆ ಇನ್ನೊಬ್ಬರ ಕಿವಿ ಹೋಗುವುದೇ ಇಲ್ಲ.

ಕಾಲೇಜೊಂದು ಕೌನ್ಸೆಲರ್ ಹುದ್ದೆಗೆ ಸಂದರ್ಶನ ಮಾಡುವಾಗ ಮಾರ್ಕ್ಸ್ ಕಾರ್ಡ್ ನೋಡಲಿ. ಅದರ ಜೊತೆ ಎರಡು ಪ್ರಶ್ನೆ ಕೇಳಬಹುದು. ಒಬ್ಬ ಹುಡುಗ ಪರೀಕ್ಷೆ ಭಯ ಅಂತ ಬಂದರೆ ಮೊದಲ ನಾಲ್ಕು ವಾರ ಏನೇನು ಮಾಡುತ್ತೀರಿ? ನೀವು ಮಾಡಿದ್ದನ್ನು ತಿಂಗಳಿಗೊಮ್ಮೆ ನೋಡಿ ತಿದ್ದುವವರು ಯಾರು? ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅಭ್ಯರ್ಥಿಗಿಂತ ಜಾಸ್ತಿ, ಮೇಜಿನ ಈಚೆ ಕೂತವರೇ.